ಕ್ಯಾಮೆರಾಕ್ಕೆ ‘ಅಂತೆ’ ಬರುವುದಿಲ್ಲ

ನಾನು ಚಿತ್ರಕಥೆಗೆ ಅಳವಡಿಸಿದ ಕಾದಂಬರಿಯ ಹೆಸರನ್ನಾಗಲಿ ಲೇಖಕರ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಅವರ ಮಕ್ಕಳಿಗೆ ಹಾಗೆಂದು ಮಾತು ಕೊಟ್ಟಿದ್ದೇನೆ. ಎಂಬತ್ತರ ದಶಕದಲ್ಲಿ ಅದು ಹೊರಬಂದಾಗ ಮಲೆನಾಡಿನ ಒಂದು ಪೇಟೆಯಲ್ಲಿ ಅದರ ಪ್ರತಿಗಳನ್ನು ನಡುಬೀದಿಯಲ್ಲಿ ಸುಟ್ಟಿದ್ದರು. ಕಥೆ ನಡೆಯುವುದು ದೇವರಾಜ ಅರಸರ ಸರ್ಕಾರದ ಭೂಸುಧಾರಣೆಯ ಕಾಲದಲ್ಲಿ. 1974ರ ಮಾರ್ಚ್ 1ರಿಂದ ತಿದ್ದುಪಡಿ ಕಾಯ್ದೆ ಜಾರಿಗೆ ಬಂದ ಮೇಲೆ ಗೇಣಿದಾರನೊಬ್ಬ ತಾನು ಉಳುವ ಗದ್ದೆಯ ಒಡೆತನ ಕೋರಿ 7ನೇ ನಮೂನೆಯಲ್ಲಿ ಅರ್ಜಿ ಹಾಕುತ್ತಾನೆ. ಒಡೆಯರ ಮನೆಯ ವಿಧವೆ ಸೊಸೆ ಭೂನ್ಯಾಯಮಂಡಳಿಯ ಮುಂದೆ ನಿಂತು, ಗದ್ದೆ ಉಳುತ್ತಿದ್ದವನು ಅವನೇ ಎಂದು ಹೇಳಿಬಿಡುತ್ತಾಳೆ. ಮನೆತನದ ವಿರುದ್ಧವೇ ಅವಳು ಸಾಕ್ಷಿ ನುಡಿದದ್ದಕ್ಕೆ ಊರು ತನಗೆ ತೋಚಿದ ಕಾರಣವೊಂದನ್ನು ಕಟ್ಟಿಕೊಳ್ಳುತ್ತದೆ: ಅವಳಿಗೂ ಅವನಿಗೂ ಸಂಬಂಧವಿತ್ತಂತೆ. ಪುಸ್ತಕ ಸುಟ್ಟವರ ಸಿಟ್ಟೆಲ್ಲ ಈ ಒಂದು ಮಾತಿನ ಮೇಲಿತ್ತು.

ಮೊದಲ ಕೆಲಸ ಹಕ್ಕುಗಳದ್ದು. ಲೇಖಕರು ತೀರಿಕೊಂಡಿದ್ದುದರಿಂದ ಮಗ ಮತ್ತು ಮಗಳು ಇಬ್ಬರ ಸಹಿಯೂ ಬೇಕಾಗಿತ್ತು. ಈ ದಾರಿಯಲ್ಲಿ ಹೊರಡುವವರಿಗೆ ಉಪಯೋಗವಾಗಲೆಂದು ಎರಡು ಮಾತು ಹೇಳುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ, ಒಪ್ಪಂದದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷವೆಂದೇ ಲೆಕ್ಕ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಮಾತು ಬರೆದುಕೊಂಡಿರದ ಹೊರತು, ಅದು ಬಿದ್ದುಹೋಗುತ್ತದೆ. ಸಣ್ಣ ಬಜೆಟ್ಟಿನ ಕನ್ನಡ ಚಿತ್ರಕ್ಕೆ ಹಣ ಹೊಂದಿಸುವಷ್ಟರಲ್ಲೇ ಒಂದು ವರ್ಷ ಕಳೆದಿರುತ್ತದೆಯಾದ್ದರಿಂದ ಈ ಸಾಲನ್ನು ಓದದೆ ಸಹಿ ಹಾಕಬಾರದು. ಹಕ್ಕು ಕೊಂಡ ಮಾತ್ರಕ್ಕೆ ಕೃತಿಯನ್ನು ಮನಬಂದಂತೆ ತಿರುಚಬಹುದು ಎಂದೂ ಅಲ್ಲ. ಮನ್ನೂ ಭಂಡಾರಿಯವರ ಕಾದಂಬರಿಯೊಂದು ಹಿಂದಿ ಚಿತ್ರವಾದಾಗ ಅವರು ದೆಹಲಿ ಹೈಕೋರ್ಟಿಗೆ ಹೋದರು. 1986ರಲ್ಲಿ ನ್ಯಾಯಾಲಯ, ಮಾಧ್ಯಮ ಬದಲಾಗುವಾಗ ಆಗಲೇಬೇಕಾದ ಮಾರ್ಪಾಡು ಬೇರೆ, ಕೃತಿಯನ್ನು ವಿರೂಪಗೊಳಿಸುವುದು ಬೇರೆ ಎಂದು ಗೆರೆ ಎಳೆಯಿತು. ಲೇಖಕರ ಮಗಳು ಆ ಪ್ರಕರಣವನ್ನು ನನಗಿಂತ ಚೆನ್ನಾಗಿ ಓದಿಕೊಂಡಿದ್ದರು. ‘ನಮ್ಮಪ್ಪ ಹೇಳದೇ ಇದ್ದದ್ದನ್ನು ನೀವು ಹೇಳಬಾರದು, ಅಷ್ಟೇ’ ಎಂದು ಅವರು ಹಾಕಿದ ಷರತ್ತಿಗೆ ನಾನು ಬಹಳ ಸುಲಭವಾಗಿ ಒಪ್ಪಿಕೊಂಡೆ. ಅದು ಎಂಥ ಷರತ್ತು ಎಂಬುದು ಮೊದಲ ಡ್ರಾಫ್ಟ್ ಮುಗಿಯುವವರೆಗೂ ನನಗೆ ತಿಳಿಯಲಿಲ್ಲ.

ಮೊದಲ ಡ್ರಾಫ್ಟಿನ 34ನೇ ದೃಶ್ಯವನ್ನು ನಾನು ಹೀಗೆ ಬರೆದಿದ್ದೆ: ರಾತ್ರಿ, ಸಣ್ಣ ಮಳೆ, ಲಾಟೀನು ಹಿಡಿದ ಸೊಸೆ ಕೊಟ್ಟಿಗೆಯ ಹಿಂದಿನ ದಣಪೆ ದಾಟಿ ತೋಟದ ಸಂಕದ ಮೇಲೆ ನಡೆದು ಗೇಣಿದಾರನ ಮನೆಯ ಬಾಗಿಲಲ್ಲಿ ನಿಲ್ಲುತ್ತಾಳೆ, ಬಾಗಿಲು ತೆರೆಯುತ್ತದೆ. ಒಳಗೇನು ನಡೆಯಿತೆಂದು ತೋರಿಸದೆ ಅಲ್ಲಿಗೇ ನಿಲ್ಲಿಸಿದ್ದೇ ದೊಡ್ಡ ಸಂಯಮವೆಂದು ನಾನು ಬೀಗಿದ್ದೆ. ಓದು ಮುಗಿದ ಮೇಲೆ ನಿರ್ದೇಶಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇವಳು ಹೋದದ್ದನ್ನು ಕಂಡವರು ಯಾರು ಸ್ವಾಮಿ?’ ಎಂದು ಕೇಳಿದರು. ‘ಊರವರು’ ಎಂದೆ. ‘ಊರವರಲ್ಲಿ ಯಾರು?’ ಎಂದರು.

ಮನೆಗೆ ಬಂದು ಕಾದಂಬರಿಯ ಆ ಅಧ್ಯಾಯವನ್ನು ಪೆನ್ಸಿಲ್ ಹಿಡಿದು ಮತ್ತೆ ಓದಿದೆ. ಒಂಬತ್ತು ಪುಟಗಳಲ್ಲಿ 41 ಸಲ ‘ಅಂತೆ’ ಬಂದಿತ್ತು. ಹೋದಳಂತೆ, ಲಾಟೀನು ಇತ್ತಂತೆ, ಬೆಳಗಿನ ಜಾವ ಸೆರಗು ಒದ್ದೆಯಾಗಿತ್ತಂತೆ. ಲೇಖಕರು ತಮ್ಮ ಬಾಯಿಂದ ಒಂದು ವಾಕ್ಯವನ್ನೂ ಹೇಳಿರಲಿಲ್ಲ. ಇದ್ದದ್ದೆಲ್ಲ ಊರಿನ ಬಾಯಿ. ಪುಸ್ತಕ ಸುಟ್ಟವರು ಆ 41 ‘ಅಂತೆ’ಗಳನ್ನು ಬಿಟ್ಟು ಓದಿದ್ದರು, ಮತ್ತು ಅಭಿಮಾನದಿಂದ ಚಿತ್ರಕಥೆ ಬರೆಯಹೊರಟ ನಾನೂ ಅದನ್ನೇ ಮಾಡಿದ್ದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದದ ಬಾಲಕ್ಕೆ ಎರಡಕ್ಷರ ಅಂಟಿಸಿದರೆ ಹೇಳಿದವನು ಹೊಣೆಯಿಂದ ಕೈ ತೊಳೆದುಕೊಳ್ಳಬಹುದು. ಕ್ಯಾಮೆರಾಕ್ಕೆ ಅಂಥ ಪ್ರತ್ಯಯವೇ ಇಲ್ಲ: ಅದರ ಮುಂದೆ ಹೆಂಗಸೊಬ್ಬಳು ದಣಪೆ ದಾಟಿದರೆ ಅವಳು ದಾಟಿದಳು, ಅಷ್ಟೇ. ನೆರಳಿನಲ್ಲಿ ತೋರಿಸಿದರೂ, ಮಸುಕು ಮಾಡಿದರೂ, ಕಪ್ಪುಬಿಳುಪಿಗೆ ತಿರುಗಿಸಿದರೂ ನೋಡುಗನ ಮಟ್ಟಿಗೆ ಅದು ನಡೆದ ಸಂಗತಿಯೇ.

ಆ ದಿನಗಳಲ್ಲಿ ನಾನು ‘ಸಂಸ್ಕಾರ’ವನ್ನು ಮತ್ತೆ ಮತ್ತೆ ನೋಡಿದೆ. 1965ರ ಕಾದಂಬರಿ 1970ರಲ್ಲಿ ಚಿತ್ರವಾದಾಗ ಮದರಾಸಿನ ಸೆನ್ಸಾರ್ ಅದನ್ನು ತಡೆದದ್ದು, ಆಮೇಲೆ ಅನುಮತಿ ದೊರೆತು ಅದು ಆ ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆದದ್ದು ಎಲ್ಲರಿಗೂ ಗೊತ್ತಿದೆ. ನನಗೆ ಬೇಕಾಗಿದ್ದುದು ಬೇರೆಯ ಪಾಠ. ಕಥೆ ಶುರುವಾಗುವಾಗಲೇ ಸತ್ತಿರುವ ನಾರಣಪ್ಪ ಪುಟದ ಮೇಲೆ ಆಚಾರ್ಯರ ನೆನಪಿನಲ್ಲಿ, ಅಗ್ರಹಾರದವರ ಮಾತಿನಲ್ಲಿ ಬದುಕುತ್ತಾನೆ. ಪರದೆಯ ಮೇಲೆ ಅವನಿಗೆ ಲಂಕೇಶರ ಮುಖ ಬಂದೊಡನೆ ಅವನು ಯಾರ ಮಾತಿಗೂ ಕಾಯದ ಗಟ್ಟಿ ಮನುಷ್ಯನಾಗುತ್ತಾನೆ. ಅಲ್ಲಿ ಅದು ಲಾಭವಾಯಿತು, ಏಕೆಂದರೆ ನಾರಣಪ್ಪ ತಾನು ಮಾಡಿದ್ದನ್ನು ಮುಚ್ಚಿಟ್ಟವನಲ್ಲ. ನಮ್ಮ ಸೊಸೆಯ ವಿಷಯದಲ್ಲಿ ಅದೇ ಉಪಾಯ ಅನ್ಯಾಯವಾಗುತ್ತಿತ್ತು. ನಿರೂಪಕನ ಧ್ವನಿಯಲ್ಲಿ ‘ಅಂತೆ’ಗಳನ್ನು ಹೇಳಿಸಿ ಚಿತ್ರವನ್ನು ಕೆಳಗೆ ಓಡಿಸಬಹುದೆಂದು ಯಾರೋ ಸೂಚಿಸಿದರು. ಒಂದು ಪುಟ ಬರೆದು ನೋಡಿದೆ. ಕಿವಿ ‘ಅಂತೆ’ ಎನ್ನುತ್ತಿರುವಾಗಲೇ ಕಣ್ಣು ‘ಹೌದು’ ಎನ್ನುತ್ತಿತ್ತು. ಆ ಪುಟವನ್ನು ಹರಿದುಹಾಕಿದೆ.

ಕೊನೆಗೆ ದಾರಿ ಸಿಕ್ಕಿದ್ದು ಅಡಿಕೆ ಸುಲಿಯುವಲ್ಲಿ. ಕೊಯ್ಲಿನ ದಿನಗಳಲ್ಲಿ ರಾತ್ರಿ ಊಟವಾದ ಮೇಲೆ ಅಕ್ಕಪಕ್ಕದವರು ಒಡೆಯರ ಮನೆಯ ಜಗಲಿಯಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂರುತ್ತಾರೆ. ಕೈ ತನ್ನಷ್ಟಕ್ಕೆ ಸುಲಿಯುತ್ತಿದ್ದರೆ ಬಾಯಿ ಬಿಡುವಾಗಿರುತ್ತದೆ. ಕಾದಂಬರಿಯಲ್ಲಿ ಒಂಬತ್ತು ಪುಟಗಳ ತುಂಬ ಹರಡಿದ್ದ ಮಾತನ್ನೆಲ್ಲ ಈ ಒಂದೇ ರಾತ್ರಿಗೆ ತಂದು, ಸುಮಾರು ಎಂಟು ನಿಮಿಷದ ಒಂದು ದೃಶ್ಯ ಮಾಡಿದೆ. ಕ್ಯಾಮೆರಾ ಜಗಲಿ ಬಿಟ್ಟು ಇಳಿಯುವಂತಿಲ್ಲ ಎಂಬುದನ್ನು ನಿಯಮವಾಗಿಯೇ ಬರೆದೆ. ಒಬ್ಬ ಅವಳ ಕೈಯಲ್ಲಿ ಲಾಟೀನು ಇತ್ತೆನ್ನುತ್ತಾನೆ, ಇನ್ನೊಬ್ಬಳು ಬ್ಯಾಟರಿ ಎನ್ನುತ್ತಾಳೆ, ಮೂರನೆಯವನು ಬೆಳಕೇ ಇರಲಿಲ್ಲ, ಬಳೆಯ ಸದ್ದಷ್ಟೇ ಕೇಳಿಸಿದ್ದು ಎನ್ನುತ್ತಾನೆ. ಬೆಳಕೇ ಇಲ್ಲದೆ ಬಳೆಯ ಒಡತಿ ಯಾರೆಂದು ಹೇಗೆ ತಿಳಿಯಿತು, ಅದರಲ್ಲೂ ವಿಧವೆಯ ಕೈಗೆ ಬಳೆ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಸಾಲಿನ ತುದಿಯಲ್ಲಿ ಗೇಣಿದಾರನ ಹೆಂಡತಿಯೂ ಕೂತು ಸುಲಿಯುತ್ತಿದ್ದಾಳೆ. ಕಾದಂಬರಿಯಲ್ಲಿ ಅವಳ ಹೆಸರು ಎರಡೇ ಕಡೆ ಬರುತ್ತದೆ. ಅವಳ ಬಾಯಲ್ಲಿ ಒಂದು ಮಾತನ್ನೂ ಇಡಲಿಲ್ಲ. ಉಳಿದವರ ಮುಂದಿನ ರಾಶಿ ಏರುತ್ತ ಹೋದಂತೆ ಅವಳ ಕೈ ಮಾತ್ರ ನಿಧಾನವಾಗುತ್ತದೆ, ಕೊನೆಗೆ ಒಂದೇ ಅಡಿಕೆಯನ್ನು ಕತ್ತಿಯ ಬಾಯಿಗೆ ಹಿಡಿದು ಹಾಗೆಯೇ ಕೂರುತ್ತಾಳೆ ಎಂದಷ್ಟೇ ಬರೆದೆ. ಲೇಖಕರ ಮಗಳಿಗೆ ಈ ಪುಟಗಳನ್ನು ಕಳಿಸುವಾಗ ಭಯವಿತ್ತು. ಅವರು, ‘ಇವಳು ಅಲ್ಲಿ ಕೂತಿದ್ದಳು ಅಂತ ಅಪ್ಪ ಬರೆದಿಲ್ಲ, ಆದರೆ ಕೂತಿರಲೇಬೇಕು’ ಎಂದು ಒಪ್ಪಿಗೆ ಕೊಟ್ಟರು.

ನ್ಯಾಯಮಂಡಳಿಯ ದೃಶ್ಯದಲ್ಲಿ ನಾನು ಮಾಡಿದ ತಪ್ಪು ಬೇರೆ ಬಗೆಯದು. ಸಿನಿಮಾದ ಕೋರ್ಟುಗಳನ್ನು ನೋಡಿ ಬೆಳೆದವನಾದ್ದರಿಂದ ಒಡೆಯರ ಪರವಾಗಿ ಕರಿಕೋಟಿನ ವಕೀಲನೊಬ್ಬನನ್ನು ನಿಲ್ಲಿಸಿ, ಸೊಸೆಯ ಶೀಲದ ಬಗ್ಗೆ ಅವನಿಂದ ಪಾಟೀಸವಾಲು ಮಾಡಿಸಿದ್ದೆ. ಕಂದಾಯ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು ಓದಿ ನಕ್ಕರು. ಆಗ ಮಂಡಳಿಯ ಮುಂದೆ ವಕೀಲರು ಹಾಜರಾಗುವಂತೆಯೇ ಇರಲಿಲ್ಲ. ಉಪವಿಭಾಗಾಧಿಕಾರಿ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರೆದುರು ಒಡೆಯನೂ ಒಕ್ಕಲೂ ತಮ್ಮ ತಮ್ಮ ಬಾಯಿಂದಲೇ ಹೇಳಿಕೊಳ್ಳಬೇಕು. ವಕೀಲ ಹೋದದ್ದರಿಂದ ದೃಶ್ಯ ಉಳಿಯಿತು. ಆ ಪ್ರಶ್ನೆಯನ್ನು ಈಗ ಮಾವನೇ ಸೊಸೆಗೆ ಕೇಳಬೇಕಾಗಿತ್ತು, ಕೇಳಲು ಅವರಿಗೆ ಬಾಯಿ ಬರುವುದಿಲ್ಲ. ಅವಳ ಸಾಕ್ಷ್ಯದಲ್ಲಿ ಒಂದೂ ‘ಅಂತೆ’ ಇರಕೂಡದೆಂದು ನಿರ್ಧರಿಸಿ, ‘ಉಳುತ್ತಿದ್ದ. ನಾನು ಕಂಡಿದ್ದೇನೆ. ಗೇಣಿಯ ಅಕ್ಕಿ ಅಳೆದುಕೊಂಡವಳೂ ನಾನೇ’ ಎಂದು ಮೂರು ವಾಕ್ಯಗಳಿಗೆ ಇಳಿಸಿದೆ. ಇಡೀ ಚಿತ್ರದಲ್ಲಿ ತಾನು ಕಣ್ಣಾರೆ ಕಂಡದ್ದನ್ನು ಹೇಳುವವಳು ಅವಳೊಬ್ಬಳೇ.

ಪ್ರಮಾಣಪತ್ರದ ಬಗ್ಗೆ ನಿರ್ಮಾಪಕರಿಗೆ ಆತಂಕವಿತ್ತು. ಸೆನ್ಸಾರಿನ ತೀರ್ಮಾನದ ಮೇಲೆ ಮೇಲ್ಮನವಿ ಕೇಳುತ್ತಿದ್ದ ನ್ಯಾಯಾಧಿಕರಣ 2021ರಲ್ಲಿ ರದ್ದಾಗಿರುವುದರಿಂದ, ತಕರಾರು ಬಂದರೆ ನೇರ ಹೈಕೋರ್ಟಿಗೇ ಹೋಗಬೇಕು. ಅಷ್ಟು ಕಾಲವೂ ಹಣವೂ ನಮ್ಮಲ್ಲಿರಲಿಲ್ಲ. ಹಾಗಾಗಲಿಲ್ಲ. ಜಾತಿಸೂಚಕವಾದ ಒಂದು ಬೈಗುಳ ಮೌನವಾಯಿತು, ಯುಎ 16+ ಸಿಕ್ಕಿತು.

ಬಿಡುಗಡೆಯಾದ ಎರಡನೇ ವಾರ ಆಕ್ಷೇಪಣೆಯ ಪತ್ರ ಬಂತು. ಬರೆದವರು ಚಿತ್ರವನ್ನು ಕುಟುಂಬಸಮೇತ ನೋಡಿದ್ದಾಗಿ ಹೇಳಿ, ಸೊಸೆ ರಾತ್ರಿ ಲಾಟೀನು ಹಿಡಿದು ಗೇಣಿದಾರನ ಮನೆಯೊಳಗೆ ಹೋಗುವ ದೃಶ್ಯವನ್ನು ತೆಗೆದುಹಾಕದಿದ್ದರೆ ಕಾನೂನು ಕ್ರಮ ಕೈಗೊಳ್ಳುವುದಾಗಿ ಎಚ್ಚರಿಸಿದ್ದರು. ಅವಳ ಸೀರೆಯ ಬಣ್ಣವನ್ನೂ ಬರೆದಿದ್ದರು. ನಿರ್ಮಾಪಕರು ಗಾಬರಿಯಿಂದ ನನಗೆ ಫೋನ್ ಮಾಡಿ, ಸಂಕಲನದಲ್ಲಿ ತಪ್ಪಿ ಎಲ್ಲಾದರೂ ಆ ಹಳೆಯ ದೃಶ್ಯ ಉಳಿದುಬಿಟ್ಟಿದೆಯೇ ಎಂದು ಕೇಳಿದರು. ಅದನ್ನು ನಾವು ಚಿತ್ರೀಕರಿಸಿಯೇ ಇರಲಿಲ್ಲ. ನಮ್ಮ ವಕೀಲರು ಕೇಳಿದ್ದಕ್ಕೆ 62 ದೃಶ್ಯಗಳ ಸೀನ್ ಆರ್ಡರನ್ನೂ ಚಿತ್ರೀಕರಣದ ಅಷ್ಟೂ ದಿನಗಳ ಶಾಟ್ ವರದಿಯನ್ನೂ ಕಳಿಸಿದೆ. ಕಳಿಸುವ ಮೊದಲು, ಖಚಿತಪಡಿಸಿಕೊಳ್ಳಲೆಂದು, ಒಮ್ಮೆ ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ.