ಬೇಬಿಯಕ್ಕನನ್ನು ತೆಗೀಲಿಲ್ಲ, ಸುಕೇಶನನ್ನು ರಿಪೇರಿ ಮಾಡಿದೆ

ನನ್ನ ಕಾದಂಬರಿಯ ಡ್ರಾಫ್ಟ್ ಓದಿದವರೆಲ್ಲ ಕೇಳಿದ್ದು ಒಂದೇ, ಬೇಬಿಯಕ್ಕನಿಗೆ ಕಡೆಗೆ ಎಂತ ಆಯ್ತು? ಹೀರೋ ಸುಕೇಶನ ಬಗ್ಗೆ ಒಬ್ಬರದ್ದೂ ಒಂದು ಮಾತಿಲ್ಲ. ಕಥೆ ಅವನದ್ದು ಮಾರಾಯ್ರೆ! ಮುಂಬೈಯಲ್ಲಿ ಕೆಲಸದಲ್ಲಿರುವವ, ಅಪ್ಪ ತೀರಿಹೋದ ಮೇಲೆ ಮಲ್ಪೆಗೆ ಬಂದು ಸಾಲದಲ್ಲಿರುವ ಟ್ರಾಲ್ ಬೋಟನ್ನು ಮಾರ್ಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಉಂಟಲ್ವಾ, ಆ ಎರಡು ತಿಂಗಳಲ್ಲೇ ಕಥೆ ಇಟ್ಟದ್ದು, ಯಾಕಂದ್ರೆ ಬೋಟೆಲ್ಲ ಬಂದರಿನಲ್ಲಿ ಕಟ್ಟಿ ಹಾಕಿರ್ತದೆ, ಯಾರ ಕೈಯಲ್ಲೂ ದುಡ್ಡಿರುದಿಲ್ಲ, ಸಾಲದ ಕಂತು ಮಾತ್ರ ನಿಲ್ಲುದಿಲ್ಲ. ಬೇಬಿಯಕ್ಕ ಮೀನು ಮಾರುವವಳು, ಮಳೆಗಾಲದಲ್ಲಿ ಒಣಮೀನು. ಅಪ್ಪನಿಗೆ ಕೊಟ್ಟ ಕೈಸಾಲ ವಾಪಸ್ ಕೇಳ್ಲಿಕ್ಕೆ ಅಂತ ಒಂದು ಸೀನಿಗೆ ಕರೆದದ್ದು, ಅವಳು ಹೋಗ್ಲೇ ಇಲ್ಲ.

ಅವಳನ್ನು ಕಟ್ ಮಾಡು ಅಂದ್ರು ಒಬ್ಬರು. ಅವಳನ್ನೇ ಹೀರೋಯಿನ್ ಮಾಡು ಅಂದ್ರು ಇನ್ನೊಬ್ಬರು. ಎರಡನೇದ್ದು ಟ್ರೈ ಮಾಡಿ ನೋಡಿದೆ, ಒಂದು ಅಧ್ಯಾಯ ಪೂರ್ತಿ ಬೇಬಿಯಕ್ಕನ ತಲೆಯೊಳಗಿಂದ ಬರೆದೆ, ಅವಳ ಚಿಂತೆ, ಹಳೆ ನೆನಪು, ಬೋಟಿನ ಕಥೆ ಎಲ್ಲ. ನಂಬಿದ್ರೆ ನಂಬಿ, ಅವಳೂ ಸುಕೇಶನ ಹಾಗೆಯೇ ಸಪ್ಪೆ ಆದ್ಲು. ಅಲ್ಲಿ ನನಗೆ ವಿಷಯ ಗೊತ್ತಾಯ್ತು. ಬೇಬಿಯಕ್ಕ ಹೊರಗಿಂದ ಮಾತ್ರ ಕಾಣ್ತಾಳೆ, ಬರ್ತಾಳೆ, ದುಡ್ಡು ಕೇಳ್ತಾಳೆ, ಒಂದು ಮಾತು ಎಸೆದು ಹೋಗ್ತಾಳೆ, ಮನಸ್ಸಿನಲ್ಲಿ ಎಂತ ಉಂಟೋ ಅದು ನಾವೇ ಊಹಿಸ್ಬೇಕು. ಸುಕೇಶನ ತಲೆ ಮೇಲೆ ನಾನು ಎಲ್ಲ ಹೊರೆ ಇಟ್ಟಿದ್ದೆ, ಅಪ್ಪನ ಕಾಯಿಲೆ ಅವನೇ ನೆನಪು ಮಾಡ್ಬೇಕು, ಬ್ಯಾಂಕಿನ ಲೆಕ್ಕ ಅವನೇ ಹೇಳ್ಬೇಕು, ಸಮುದ್ರದ ವರ್ಣನೆಗೂ ಅವನೇ ಕಡಲ ಬದಿ ಹೋಗಿ ನಿಲ್ಬೇಕು.

ಇನ್ನೊಂದುಂಟು, ಇದು ನಮ್ಮ ಕರಾವಳಿ ಕಡೆ ಬರೆಯುವವರಲ್ಲಿ ತುಂಬಾ ನೋಡಿದ್ದೇನೆ. ಸೈಡ್ ಕ್ಯಾರೆಕ್ಟರಿಗೆಲ್ಲ ನಮ್ಮ ಆಡುಮಾತು, ಎಂತ ಮಾರಾಯ, ಹೌದನಾ ಅಂತ ಜೀವ ತುಂಬಿಸುದು, ಹೀರೋ ಬಾಯಿ ಬಿಟ್ರೆ "ನಾನು ನಾಳೆ ಹೊರಡುತ್ತೇನೆ" ಅಂತ ಪಾಠಪುಸ್ತಕ! ಮಲ್ಪೆಯಲ್ಲಿ ಹುಟ್ಟಿ ಮನೆಯಲ್ಲಿ ತುಳು ಮಾತಾಡುವ ಹುಡುಗ ಹಾಗೆ ಮಾತಾಡ್ತಾನಾ? ಅವನ ಡಯಲಾಗ್ ಎಲ್ಲ ಪುನಃ ಬರೆದೆ, ಅಲ್ಲಲ್ಲಿ ಮುಂಬೈ ಹಿಂದಿ ನುಗ್ಗುವ ಹಾಗೆ. ಅಷ್ಟರಲ್ಲೇ ಅರ್ಧ ಜೀವ ಬಂತು.

ಮತ್ತೆ ಪ್ರಿಂಟ್ ತೆಗೆದು ಎರಡು ಸ್ಕೆಚ್ ಪೆನ್ ಹಿಡ್ಕೊಂಡು ಕೂತೆ. ಸುಕೇಶ ತಾನಾಗಿ ಎಂತಾದ್ರೂ ನಿರ್ಧಾರ ಮಾಡಿದಲ್ಲಿ ಕೆಂಪು, ಬೇರೆಯವರು ಹೇಳಿದ್ದಕ್ಕೆ ತಲೆ ಆಡಿಸಿದಲ್ಲಿ ನೀಲಿ. ಎಲ್ಲ ನೀಲಿಯೇ. ಬೇಬಿಯಕ್ಕನ ಸಾಲದ ವಿಷಯದಲ್ಲೂ ಅವನಿಗೆ ಬೇಜಾರಾಗುದು, ಪಾಪ ಅನಿಸುದು, ಅಷ್ಟೇ. ಹಾಗಾಗಿ ಅಲ್ಲಿಗೇ ಕೈ ಹಾಕಿದೆ. ಈಗ ಬೋಟಿನ ಅಡ್ವಾನ್ಸ್ ಅವನ ಕೈಗೆ ಬಂದಿದೆ, ಬ್ಯಾಂಕಿಗೆ ಕಟ್ಟಿದ್ರೆ ಬೇಬಿಯಕ್ಕನಿಗೆ ಇಲ್ಲ, ಬೇಬಿಯಕ್ಕನಿಗೆ ಕೊಟ್ರೆ ಬ್ಯಾಂಕಿಗೆ ಇಲ್ಲ, ಅವಳ ಮಗಳ ಕಾಲೇಜು ಫೀಸಿಗೆ ಕಡೇ ದಿನ ಹತ್ರ. ಅವನು ಬ್ಯಾಂಕಿಗೆ ಕಟ್ಟಿ ಬಂದು, ಬೋಟು ತಗೊಳ್ಳುವ ಪಾರ್ಟಿ ಇನ್ನೂ ಸಿಕ್ಕಿಲ್ಲ ಅಕ್ಕ ಅಂತ ಸುಳ್ಳು ಹೇಳ್ತಾನೆ. ಅವಳಿಗೆ ಗೊತ್ತುಂಟು. "ನಿನ್ನ ಅಪ್ಪ ಸುಳ್ಳು ಹೇಳುವಾಗ ಕಣ್ಣಾದ್ರೂ ಕೆಳಗೆ ಹಾಕ್ತಿದ್ರು ಮಗಾ" ಅಂತಾಳೆ. ಈ ಮಾತು ಮೊದಲೂ ಇತ್ತು, ಬೇರೆ ಯಾರಿಗೋ ಹೇಳಿದ್ದು, ಓದಿದವರು ನಕ್ಕಿದ್ರು. ಈಗ ಅದು ಸುಕೇಶನ ಮುಖಕ್ಕೆ ಹೊಡೀತದೆ.

ತಾಳಮದ್ದಳೆ, ಅಂದ್ರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳುವವರಿಗೆ ಇದು ಹೊಸತಲ್ಲ. ಕರ್ಣನ ಅರ್ಥಕ್ಕೆ, ಅಂದ್ರೆ ಅವನ ಪಾತ್ರದ ಮಾತಿಗೆ, ದೊಡ್ಡ ಅರ್ಥಧಾರಿ ಕೂತ್ರೆ ಕೂಟ ಇಡುವವರು ಕರ್ಣನನ್ನು ಎಬ್ಬಿಸುದಿಲ್ಲ, ಎದುರು ಅರ್ಥಕ್ಕೆ ಅಷ್ಟೇ ತೂಕದವರನ್ನು ಹುಡುಕ್ತಾರೆ. ಮಾತು ಎಳೀತಾ ಹೋದ್ರೆ ಹಾಡುವ ಭಾಗವತರು ಮುಂದಿನ ಪದ ಎತ್ತುತ್ತಾರೆ, ಅಲ್ಲಿಗೆ ಬಂದ್. ನಾನೂ ಬೇಬಿಯಕ್ಕನ ಸೀನುಗಳಲ್ಲಿ ಕಡೇ ಡಯಲಾಗ್ ಹಾರಿಸಿ ಮುಂದಿನ ಸೀನಿನ ಪದ ಎತ್ತಿದೆ. ಇದು ಸ್ವಲ್ಪ ಹೊಟ್ಟೆ ಉರಿಯುವ ಕೆಲಸ, ಲಾಯ್ಕದ ಡಯಲಾಗುಗಳು ಹೋದವು.

ಪಂಪ 10ನೇ ಶತಮಾನದಲ್ಲೇ ಇದನ್ನು ನೋಡಿದವ. ತನ್ನ ದೊರೆ ಅರಿಕೇಸರಿಯನ್ನು ಅರ್ಜುನನ ಜೊತೆ ಹೊಂದಿಸಿ ವಿಕ್ರಮಾರ್ಜುನ ವಿಜಯ ಬರೆದು, ಕರ್ಣ ಬಿದ್ದಲ್ಲಿ, ಭಾರತದಲ್ಲಿ ಬೇರೆ ಯಾರನ್ನೂ ನೆನೀಬೇಡ, ನೆನೆಯುದಾದ್ರೆ ಕರ್ಣನನ್ನು ನೆನೆ ಅಂದ. ಕೊಡುವ ದೊರೆ ಎದುರು ಕೂತಿರುವಾಗ ಇದಕ್ಕೆ ಧೈರ್ಯ ಬೇಕು! ಆದ್ರೂ ನೋಡಿ, ಕರ್ಣನನ್ನು ಕೊಲ್ಲುದು ಅರ್ಜುನನ ಬಾಣವೇ. ಕರ್ಣನನ್ನು ಎಷ್ಟು ಎತ್ತರಿಸಿದ್ರೂ ಅದು ಅರ್ಜುನನ ಲೆಕ್ಕಕ್ಕೆ ಬರ್ತದೆ. ಬೇಬಿಯಕ್ಕನ ನೋವು ಮೊದಲು ಯಾರ ಲೆಕ್ಕದಲ್ಲೂ ಇರ್ಲಿಲ್ಲ, ಈಗ ಸುಕೇಶನ ಲೆಕ್ಕದಲ್ಲಿ ಉಂಟು.

ಹೊಸ ಡ್ರಾಫ್ಟ್ ಓದಿದ ಮೇಲೂ ಬೇಬಿಯಕ್ಕನೇ ಇಷ್ಟ ಅಂತಾರೆ, ಅದು ಬದಲಾಗ್ಲಿಲ್ಲ, ಆದ್ರೆ ಈಗ ಸುಕೇಶನಿಗೆ ಬೈತಾರೆ, ಒಬ್ಬರಂತೂ ಉದ್ದದ ವಾಯ್ಸ್ ಮೆಸೇಜಿನಲ್ಲಿ ಅವನಿಗೆ ಮಂಗಳಾರತಿ ಮಾಡಿದ್ರು, ನನಗೆ ಅಷ್ಟೇ ಬೇಕಿತ್ತು. ಮಗಳ ಫೀಸು ಕಡೆಗೆ ಯಾರು ಕಟ್ಟಿದ್ದು ಅಂತ ಕೇಳುವವರೂ ಇದ್ದಾರೆ. ಅದನ್ನು ಬರೀಲಿಕ್ಕಿಲ್ಲ. ಬರೆದ್ರೆ ಕಥೆ ಪುನಃ ಬೇಬಿಯಕ್ಕನದ್ದೇ ಆಗ್ತದೆ.