ಇಂಗ್ಲಿಷ್‌ನ ಒಂದು ಪದಕ್ಕೆ ಜರ್ಮನ್‌ನಲ್ಲಿ ನಾಲ್ಕು: ಆರಿಸುವುದು ಹೇಗೆ?

ಫ್ರಾಂಕ್‌ಫರ್ಟ್‌ನಿಂದ ಹೈಡೆಲ್‌ಬರ್ಗ್‌ಗೆ ಹೊರಟಿದ್ದೀರಿ ಅಂದುಕೊಳ್ಳಿ. ಮಾನ್‌ಹೈಮ್‌ನಲ್ಲಿ ರೈಲು ಚೇಂಜ್ ಮಾಡಬೇಕಾ ಅಂತ ಯಾರನ್ನಾದರೂ ಕೇಳಬೇಕು. ಮೊಬೈಲ್ ನಿಘಂಟಿನಲ್ಲಿ 'ಚೇಂಜ್' ಅಂತ ಒತ್ತುತ್ತೀರಿ. ಮೊದಲಿಗೇ 'ಎಂಡರ್ನ್' ಅಂತ ಬರುತ್ತದೆ. ಅದನ್ನೇ ಹೇಳಿದರೆ ಎದುರಿಗಿದ್ದವರು ತಬ್ಬಿಬ್ಬಾಗುತ್ತಾರೆ. ಎಂಡರ್ನ್ ಅಂದರೆ ಮಾರ್ಪಡಿಸುವುದು. ನೀವು ರೈಲನ್ನು ಮಾರ್ಪಡಿಸಲು ಹೊರಟಿಲ್ಲ, ಅಲ್ವಾ?

ಜರ್ಮನ್ ಕಲಿಯುವ ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ವ್ಯಾಕರಣ ನಿಧಾನಕ್ಕೆ ಬರುತ್ತದೆ. ಆದರೆ ಇಂಗ್ಲಿಷ್‌ನ ಸಣ್ಣ ಸಣ್ಣ ಪದಗಳು ಕೊನೆಯವರೆಗೂ ಕಾಡುತ್ತವೆ. ಒಂದೊಂದರ ಹೊಟ್ಟೆಯಲ್ಲಿ ನಾಲ್ಕೈದು ಅರ್ಥ. ಜರ್ಮನ್‌ನಲ್ಲಿ ಆ ಒಂದೊಂದು ಅರ್ಥಕ್ಕೂ ಬೇರೆ ಪದ. ಇದಕ್ಕೆ ನಮ್ಮ ಕೈಯಲ್ಲೇ ಒಂದು ಒಳ್ಳೆಯ ಸಾಧನ ಇದೆ: ನಮ್ಮ ಕನ್ನಡ.

ಮೊದಲ ಹೆಜ್ಜೆ: ಇಂಗ್ಲಿಷ್ ಪದ ತೆಗೆದು ಕನ್ನಡದಲ್ಲಿ ಹೇಳಿ

ನಿಘಂಟು ತೆರೆಯುವ ಮುಂಚೆ ನೀವು ಹೇಳಬೇಕಾದ ಪೂರ್ತಿ ವಾಕ್ಯವನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ. ಅದರಲ್ಲಿ ಇಂಗ್ಲಿಷ್ ಪದ ಇರಬಾರದು. ಇದು ಅಂದುಕೊಂಡಷ್ಟು ಸುಲಭವಲ್ಲ. ನಮ್ಮ ಮಾತಿನಲ್ಲಿ ಚೇಂಜ್, ಫ್ರೀ, ಟೈಮ್ ಅಷ್ಟು ಬೆರೆತುಹೋಗಿವೆ.

ಈಗ 'ಚೇಂಜ್' ಏನಾಗುತ್ತದೆ ನೋಡಿ. ಒಂದು ರೈಲು ಇಳಿದು ಇನ್ನೊಂದು ಹತ್ತುವುದು ಅಂದರೆ 'ಉಮ್‌ಶ್ಟೈಗನ್'. ಅದರೊಳಗಿನ 'ಶ್ಟೈಗನ್'ಗೆ ಹತ್ತುವುದು ಅಂತಲೇ ಅರ್ಥ. ಬಟ್ಟೆ ಬದಲಾಯಿಸುವುದು 'ಜಿಷ್ ಉಮ್‌ತ್ಸೀಯನ್'. ಇದರಲ್ಲಿ 'ಜಿಷ್' ಬಿಟ್ಟುಬಿಟ್ಟರೆ ಮನೆ ಬದಲಾಯಿಸುವುದು ಅಂತ ಆಗುತ್ತದೆ, ಹುಷಾರು. ಯೂರೋ ನೋಟು ಮುರಿಸುವುದು 'ವೆಕ್ಸೆಲ್ನ್'. ಚಿಲ್ಲರೆಗೆ 'ಕ್ಲೈನ್‌ಗೆಲ್ಟ್', ಅಂದರೆ ಸಣ್ಣ ದುಡ್ಡು. ಇಳಿದು ಹತ್ತು, ಬದಲಾಯಿಸು, ಮುರಿಸು, ಚಿಲ್ಲರೆ ಅಂತ ಕನ್ನಡದಲ್ಲಿ ಆಗಲೇ ಬೇರೆ ಬೇರೆ ಆಗಿತ್ತು. ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿದ್ದು ಇಂಗ್ಲಿಷ್.

'ರೈಟ್' ಕೂಡ ಹಾಗೆಯೇ. ಬಲಗಡೆ ಅಂದರೆ 'ರೆಷ್ಟ್ಸ್', ಸರಿ ಅಂದರೆ 'ರಿಷ್ಟಿಷ್', ಹಕ್ಕು ಅಂದರೆ 'ರೆಷ್ಟ್'. 'ಬಟ್' ಅಂತೂ ನನಗೆ ಬಹಳ ಇಷ್ಟದ ಉದಾಹರಣೆ. ಸಾಮಾನ್ಯವಾಗಿ 'ಆದರೆ' ಅನ್ನುವ ಕಡೆ 'ಆಬರ್' ಬರುತ್ತದೆ. 'ಇವತ್ತಲ್ಲ, ನಾಳೆ' ಅನ್ನುವಾಗ ನಾವು 'ಆದರೆ' ಹಾಕುವುದೇ ಇಲ್ಲ. ಜರ್ಮನ್ನರೂ ಅಲ್ಲಿ ಆಬರ್ ಹಾಕುವುದಿಲ್ಲ. ಅದಕ್ಕೆ ಬೇರೆಯೇ ಪದ: 'ಝೊಂಡರ್ನ್'.

'ನೋ' (know) ಪದಕ್ಕೆ ಸ್ವಲ್ಪ ಹೊತ್ತು ಕೊಡಿ

ಗೊತ್ತಿರುವುದಕ್ಕೆ ಜರ್ಮನ್‌ನಲ್ಲಿ ಮೂರು ದಾರಿ: 'ವಿಸ್ಸನ್', 'ಕೆನ್ನನ್', 'ಕ್ಯೋನ್ನನ್'. ಭಾಷೆಯ ವಿಷಯ ಬಂದರೆ ನಾವು 'ನನಗೆ ಕನ್ನಡ ಬರುತ್ತೆ' ಅನ್ನುತ್ತೇವೆ. ಆ 'ಬರುತ್ತೆ'ಯ ಜಾಗದಲ್ಲಿ ಕ್ಯೋನ್ನನ್ ಹಾಕಿ. ಉಳಿದ ಎರಡಕ್ಕೂ ನಾವು 'ಗೊತ್ತು' ಅಂತಲೇ ಹೇಳುವುದರಿಂದ ಒಂದು ಪರೀಕ್ಷೆ ಬೇಕು. 'ಗೊತ್ತು' ತೆಗೆದು 'ಪರಿಚಯ ಇದೆ' ಅಂತ ಹಾಕಿ ನೋಡಿ. 'ಅವರ ಪರಿಚಯ ಇದೆ', 'ಮೈಸೂರಿನ ಪರಿಚಯ ಇದೆ' ಅಂತ ಹೊಂದಿದರೆ ಕೆನ್ನನ್. 'ಅವರ ಮನೆ ಎಲ್ಲಿದೆ ಅಂತ ಪರಿಚಯ ಇದೆ' ಅನ್ನಲು ಆಗುವುದಿಲ್ಲ. ಹಾಗಾದರೆ ಅಲ್ಲಿ ವಿಸ್ಸನ್. ಎಲ್ಲಿ, ಯಾಕೆ, ಯಾರು ಅಂತ ವಿಷಯ ಗೊತ್ತಿರುವುದಕ್ಕೆಲ್ಲ ಅದೇ.

ಎರಡನೇ ಹೆಜ್ಜೆ: ಕನ್ನಡವೂ ಸಾಲದ ಜಾಗ ಗುರುತಿಸಿ

ಕನ್ನಡ ಎಲ್ಲ ಕಡೆ ಕೈಹಿಡಿಯುವುದಿಲ್ಲ. 'ಟೈಮ್' ಪದವನ್ನೇ ತೆಗೆದುಕೊಳ್ಳಿ. ಸಮಯ 'ತ್ಸೈಟ್', ಮೂರು ಸಲ ಅನ್ನುವಾಗಿನ ಸಲ 'ಮಾಲ್'. ಇಲ್ಲಿಯವರೆಗೆ ಸರಿಯಾಗಿ ಕೂರುತ್ತದೆ. ಆದರೆ ನಮ್ಮ 'ಗಂಟೆ'ಯನ್ನು ಒಡೆಯಬೇಕು. ಎರಡು ಗಂಟೆಗೆ ಬನ್ನಿ ಅನ್ನುವಾಗ 'ಊರ್'. ಎರಡು ಗಂಟೆ ಕಾದೆ ಅನ್ನುವಾಗ 'ಶ್ಟುಂಡೆ'. ದೇವಸ್ಥಾನದ ಗಂಟೆಯಾದರೆ 'ಗ್ಲೊಕ್ಕೆ'.

'ಹೋಗು' ಇನ್ನೊಂದು. ನಡೆದು ಹೋಗುವುದಕ್ಕೆ 'ಗೇಯನ್', ಬಸ್ಸು ರೈಲಿನಲ್ಲಿ ಹೋಗುವುದಕ್ಕೆ 'ಫಾರನ್', ವಿಮಾನಕ್ಕೆ 'ಫ್ಲೀಗನ್'. ಹೇಗೆ ಹೋಗುತ್ತೀರಿ ಅಂತ ಮೊದಲು ಕೇಳಿಕೊಳ್ಳಬೇಕು.

'ಇಡು' ಅನ್ನುವುದಕ್ಕೆ ಕಣ್ಣಲ್ಲಿ ಚಿತ್ರ ಬೇಕು. ಬಾಟಲಿ ನೆಟ್ಟಗೆ ನಿಂತರೆ 'ಶ್ಟೆಲ್ಲನ್'. ಪುಸ್ತಕ ಮೇಜಿನ ಮೇಲೆ ಮಲಗಿದರೆ 'ಲೇಗನ್'. ಕೀಲಿಕೈ ಜೇಬಿಗೆ ತೂರಿದರೆ 'ಶ್ಟೆಕ್ಕನ್'. ಅಂಗಿ ಗೂಟಕ್ಕೆ ನೇತು ಹಾಕಿದರೆ 'ಹೆಂಗನ್'. ಸೀರೆ ಉಡು, ಹೂವು ಮುಡಿ, ಬಳೆ ತೊಡು ಅಂತ ಬೇರೆ ಬೇರೆ ಹೇಳಿ ಬೆಳೆದವರಿಗೆ ಈ ಸೂಕ್ಷ್ಮ ಹೊಸದಲ್ಲ. ಜರ್ಮನ್ನರಲ್ಲೂ ಅಂಗಿಗೆ 'ಆನ್‌ತ್ಸೀಯನ್', ಟೋಪಿಗೆ ಮತ್ತು ಕನ್ನಡಕಕ್ಕೆ 'ಔಫ್‌ಜೆಟ್ಸನ್'.

ಮೂರನೇ ಹೆಜ್ಜೆ: ನಿಘಂಟಿನ ಮೊದಲ ಸಾಲಿಗೆ ನಿಲ್ಲಬೇಡಿ

ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟೆಲ್ 1894ರಲ್ಲಿ ಮಂಗಳೂರಿನಿಂದ ಹೊರತಂದ ಕನ್ನಡ-ಇಂಗ್ಲಿಷ್ ನಿಘಂಟು ನೋಡಿದ್ದೀರಾ? ಅರ್ಥಗಳಿಗೆ ಸಂಖ್ಯೆ ಹಾಕಿದ್ದಾರೆ. ಪದ ಎಲ್ಲಿ ಹೇಗೆ ಬಳಕೆಯಲ್ಲಿದೆ ಅಂತ ಕಾವ್ಯದಿಂದ, ಗಾದೆಗಳಿಂದ ಉದಾಹರಣೆ ಕೊಟ್ಟಿದ್ದಾರೆ. ನೀವೂ ಜರ್ಮನ್ ಪದವನ್ನು ಹಾಗೆಯೇ ಹುಡುಕಿ. ಸಂಖ್ಯೆ 2, 3ರವರೆಗೆ ಇಳಿಯಿರಿ. ಉದಾಹರಣೆ ವಾಕ್ಯ ಓದಿ. ಸಿಕ್ಕ ಜರ್ಮನ್ ಪದವನ್ನು ತಿರುಗಿಸಿ ಇಂಗ್ಲಿಷ್‌ಗೆ ಹುಡುಕಿ ನೋಡಿ. ನಿಮಗೆ ಬೇಕಾದ ಅರ್ಥಕ್ಕೇ ವಾಪಸ್ ಬಂದರೆ ನಂಬಬಹುದು.

ನರ್ಸಿಂಗ್ ಕೆಲಸಕ್ಕೆ ಜರ್ಮನಿಗೆ ಹೊರಟವರು ಈ ಹೆಜ್ಜೆ ತಪ್ಪಿಸಲೇಬಾರದು. 'ಡಿಸ್ಚಾರ್ಜ್' ಅಂದರೆ ರೋಗಿಯನ್ನು ಮನೆಗೆ ಕಳಿಸುವುದೂ ಹೌದು, ದೇಹದಿಂದ ಬರುವ ಸ್ರಾವವೂ ಹೌದು. ಮೊದಲನೆಯದು 'ಎಂಟ್‌ಲಸ್ಸುಂಗ್', ಎರಡನೆಯದು 'ಔಸ್‌ಫ್ಲುಸ್'. ಕೇಸ್ ಶೀಟಿನಲ್ಲಿ ಇವು ಅದಲುಬದಲಾಗುವುದು ಸಣ್ಣ ತಪ್ಪಲ್ಲ.

ನಾಮಪದವಾದರೆ ಅದರ ಲಿಂಗ ತೋರಿಸಲು ಮುಂದೆ ಬರುವ ಡೇರ್, ಡೀ, ಡಾಸ್ ಕೂಡ ಬರೆದುಕೊಳ್ಳಿ. 'ಡೇರ್ ಲೈಟರ್' ಅಂದರೆ ಮುಖ್ಯಸ್ಥ. 'ಡೀ ಲೈಟರ್' ಅಂದರೆ ಏಣಿ.

ನಾಲ್ಕನೇ ಹೆಜ್ಜೆ: ವಾಕ್ಯದ ಕಟ್ಟನ್ನೂ ಕನ್ನಡದಲ್ಲಿ ನೋಡಿ

'ಐ ಆ್ಯಮ್ ಹಾಟ್' ಅನ್ನುವುದನ್ನು ಪದಕ್ಕೆ ಪದ ಇಟ್ಟು ಜರ್ಮನ್‌ಗೆ ತಂದರೆ ಕಾಮದ ಅರ್ಥ ಬಂದು ಮುಜುಗರವಾಗುತ್ತದೆ. ಸರಿಯಾದದ್ದು 'ಮೀರ್ ಇಸ್ಟ್ ಹೈಸ್'. ಮೀರ್ ಅಂದರೆ 'ನನಗೆ'. ನನಗೆ ಸೆಕೆ! ಚಳಿಗೂ ಅಷ್ಟೇ, 'ಮೀರ್ ಇಸ್ಟ್ ಕಲ್ಟ್'. ಇಷ್ಟವಾಯಿತು ಅನ್ನಲು 'ಡಾಸ್ ಗೆಫೆಲ್ಟ್ ಮೀರ್', ಅದು ನನಗೆ ಇಷ್ಟ. ಈ ವಾಕ್ಯಗಳನ್ನು ಇಂಗ್ಲಿಷ್ ಮೂಲಕ ಕಲಿತರೆ ಬಾಯಿಪಾಠ ಮಾಡಬೇಕು. ಕನ್ನಡದಿಂದ ಹೋದರೆ ನೇರವಾಗಿ ಬರುತ್ತವೆ.

ಇವತ್ತೇ ಒಂದು ಪದದಿಂದ ಶುರು ಮಾಡಿ. ನೋಟ್‌ಬುಕ್ ಪುಟದ ನಡುವೆ 'ರನ್' ಅಂತ ಬರೆಯಿರಿ. ಸುತ್ತ ನಾಲ್ಕು ಕನ್ನಡ ವಾಕ್ಯ: ಹುಡುಗ ಓಡುತ್ತಾನೆ, ಮೂಗು ಸೋರುತ್ತಿದೆ, ಭಾನುವಾರವೂ ಬಸ್ ಓಡುತ್ತದೆ, ಅಕ್ಕ ಅಂಗಡಿ ನಡೆಸುತ್ತಾಳೆ. ಮೊದಲ ಎರಡಕ್ಕೆ 'ಲೌಫನ್', ಬಸ್ಸಿಗೆ 'ಫಾರನ್', ಅಂಗಡಿಗೆ 'ಫ್ಯೂರನ್'. ನಾಳೆಯ ಪುಟಕ್ಕೆ 'ಗೆಟ್' ಇಟ್ಟುಕೊಳ್ಳಿ. ಅದಕ್ಕೆ ಒಂದು ಪುಟ ಸಾಲುವುದಿಲ್ಲ, ಎರಡು ಬಿಡಿ.