ನಾಲ್ಕು ಗಂಟೆಗೆ ಮತ್ತೆ ಫೋನ್ ಮಾಡ್ತೀನಿ

2021ರ ಏಪ್ರಿಲ್ ಕೊನೆ, ಮೇ ಮೊದಲ ವಾರ. ಬೆಂಗಳೂರಿನಲ್ಲಿ ಕೊರೊನಾ ಬಂದವರಲ್ಲಿ ಜಾಸ್ತಿ ಜನ ಆಸ್ಪತ್ರೆಯಲ್ಲಿ ಇರಲಿಲ್ಲ, ಮನೆಯಲ್ಲೇ ಇದ್ದರು. ಒಂದು ರೂಮು, ಒಂದು ಸ್ಟ್ರಿಪ್ ಜ್ವರದ ಮಾತ್ರೆ, ಅದೃಷ್ಟ ಇದ್ದರೆ ಒಂದು ಆಕ್ಸಿಮೀಟರ್. ಮೇ 5ರಂದು ಒಂದೇ ದಿನ ರಾಜ್ಯದಲ್ಲಿ 50,112 ಜನಕ್ಕೆ ಪಾಸಿಟಿವ್ ಬಂತು. ಅದರಲ್ಲಿ 23,106 ಬೆಂಗಳೂರಿನದೇ. ಇಷ್ಟು ಜನರ ಮನೆಗೆ ಡಾಕ್ಟರ್ ಹೋಗಿ ನೋಡೋದು ಆಗದ ಮಾತು. ಹೋಂ ಐಸೋಲೇಷನ್‌ನಲ್ಲಿ ಇರುವವರಿಗೆ ದಿನಾ ಫೋನ್ ಮಾಡಿ ವಿಚಾರಿಸಲು ಜನ ಬೇಕು ಅಂತ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಬಂತು. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಶಾಲೆ ಮುಚ್ಚಿತ್ತು. ಹೆಸರು ಕೊಟ್ಟೆ.

ಒಬ್ಬ ಡಾಕ್ಟರಮ್ಮ ಸಂಜೆ ಜೂಮ್‌ನಲ್ಲಿ ನಮಗೆ ಪಾಠ ಮಾಡಿದರು. ಆಕ್ಸಿಮೀಟರ್ ಹಾಕಿದ ತಕ್ಷಣ ಕಾಣುವ ಅಂಕಿ ನಂಬಬೇಡಿ, ಅದು ನಿಲ್ಲುವ ತನಕ ಕಾಯಿಸಿ. ಬೆರಳು ತಣ್ಣಗಿದ್ದರೆ ಉಜ್ಜಿಕೊಳ್ಳೋಕೆ ಹೇಳಿ. ಉಗುರುಬಣ್ಣ, ಮೆಹಂದಿ ಇದ್ದರೆ ಬೇರೆ ಬೆರಳು. 94ಕ್ಕಿಂತ ಕೆಳಗೆ ಬಂದರೆ ಡಾಕ್ಟರಿಗೆ ತಿಳಿಸಿ, 90ಕ್ಕಿಂತ ಕೆಳಗೆ ಬಂದರೆ ಒಂದು ನಿಮಿಷವೂ ತಡ ಮಾಡಬೇಡಿ. ಕೂತಾಗ ಚೆನ್ನಾಗಿದ್ದರೂ ರೂಮಿನೊಳಗೇ ಆರು ನಿಮಿಷ ನಡೆಸಿ, ಆಮೇಲೆ ಮತ್ತೆ ನೋಡಿ. ಕೆಲವರಿಗೆ ಆಮ್ಲಜನಕ ಇಳಿದಿದ್ದರೂ ಏದುಸಿರೇ ಇರೋದಿಲ್ಲ, ನಗುತ್ತಲೇ ಮಾತಾಡ್ತಾರೆ. ಅದಕ್ಕೇ ಅಂಕಿಯನ್ನೂ ಕೇಳಬೇಕು, ದನಿಯನ್ನೂ ಕೇಳಬೇಕು. ಒಂದು ವಾಕ್ಯ ಪೂರ್ತಿ ಹೇಳಿ ಮುಗಿಸ್ತಾರಾ, ನಡುವೆ ಉಸಿರಿಗೆ ನಿಲ್ತಾರಾ ಅಂತ ಕಿವಿಯಲ್ಲೇ ಅಳೆಯಬೇಕು.

ಇದೆಲ್ಲ ಕಲಿಯೋದು ಕಷ್ಟವಾಗಲಿಲ್ಲ. ಕಷ್ಟ ಇದ್ದದ್ದು ಬೇರೆ ಕಡೆ. ಬೆಡ್ ಬೇಕು ಅಂತ ಅಳುವವರಿಗೆ ಬೆಡ್ ಕೊಡುವ ಶಕ್ತಿ ನನಗಿರಲಿಲ್ಲ. ಸ್ವ್ಯಾಬ್ ಕೊಟ್ಟು ರಿಪೋರ್ಟ್ ಬರೋದು, ರಿಪೋರ್ಟ್ ಬಂದ ಮೇಲೆ ಬಿಯು ನಂಬರ್ (ಪಾಸಿಟಿವ್ ಬಂದ ಪ್ರತಿಯೊಬ್ಬರಿಗೂ ಕೊಡುತ್ತಿದ್ದ ಗುರುತಿನ ಸಂಖ್ಯೆ) ಬರೋದು, ಆ ನಂಬರ್ ಹಿಡಿದು 1912 ಇಲ್ಲವೇ 108 ಸಹಾಯವಾಣಿಗೆ ಬೆಡ್‌ಗಾಗಿ ಫೋನ್ ಮಾಡೋದು, ಲೈನ್ ಸಿಗದೆ ಮತ್ತೆ ಮಾಡೋದು. ಈ ಸರಪಳಿಯಲ್ಲಿ ಎಲ್ಲೋ ಸಿಕ್ಕಿಕೊಂಡವರು ನನ್ನ ಫೋನ್ ಬಂದ ಕೂಡಲೇ ಸಿಟ್ಟೆಲ್ಲ ಕಾರುತ್ತಿದ್ದರು. ಒಬ್ಬರು, ತಾಯಿಯನ್ನು ಮನೆಯಲ್ಲಿಟ್ಟುಕೊಂಡು ನಂಬರಿಗಾಗಿ ಕಾಯುತ್ತಿದ್ದವರು, "ಊಟ ಆಯ್ತಾ, ಜ್ವರ ಇದ್ಯಾ ಅಂತ ಕೇಳೋಕೆ ಫೋನ್ ಮಾಡ್ತೀರಾ? ನಿಮಗೆ ನಾಚಿಕೆ ಆಗಲ್ವಾ?" ಅಂದರು. ನಾನು ಸುಮ್ನೆ ಕೇಳಿಸಿಕೊಂಡೆ. ಅವರು ಬೈದು ಸುಸ್ತಾದ ಮೇಲೆ ಕೇಳಿದೆ: "ಅಮ್ಮ ಈಗ ಎಲ್ಲಿ ಕೂತಿದ್ದಾರೆ ಸರ್?" ಸ್ವಲ್ಪ ಹೊತ್ತು ಮಾತಿಲ್ಲ. "ಕಿಟಕಿ ಹತ್ರ," ಅಂದರು. "ಬೆನ್ನಿಗೆ ದಿಂಬು ಇದ್ಯಾ?" "ಇದೆ." ಅಲ್ಲಿಂದ ಮಾತು ದಾರಿಗೆ ಬಂತು. ಬೈಗುಳ ನನಗೆ ಬಿದ್ದದ್ದಲ್ಲ, ಅವರ ಭಯ ಹೊರಬರಲು ಒಂದು ಕಿವಿ ಬೇಕಿತ್ತು ಅಂತ ಅರ್ಥ ಮಾಡಿಕೊಂಡರೆ ಆ ಮನುಷ್ಯರ ಮೇಲೆ ಬೇಸರವೇ ಬರೋದಿಲ್ಲ. ತಾಯಿಗೋಸ್ಕರ ಜಗಳ ಆಡುವ ಮಗನ ಮೇಲೆ ಪ್ರೀತಿಯೇ ಬರುತ್ತೆ.

ನಮಗೆ ಬರುತ್ತಿದ್ದ ಪಟ್ಟಿಯಲ್ಲಿ ಹೆಸರು, ವಯಸ್ಸು, ಬಿಯು ನಂಬರ್, ಸಕ್ಕರೆ ಕಾಯಿಲೆ ಇದ್ಯಾ, ಬಿಪಿ ಇದ್ಯಾ ಅನ್ನುವ ಕಾಲಂಗಳಿದ್ದವು. ಅದನ್ನು ನಾನು ನನ್ನ ಒಂದು ಗೆರೆ ನೋಟ್‌ಬುಕ್‌ಗೆ ಕೈಯಲ್ಲೇ ಬರೆದುಕೊಳ್ಳುತ್ತಿದ್ದೆ, ಜೊತೆಗೆ ನನ್ನದೇ ಒಂದು ಕಾಲಂ ಸೇರಿಸಿದ್ದೆ. ಕಾಯಿಲೆಗೆ ಸಂಬಂಧವೇ ಇಲ್ಲದ ಒಂದು ಸಂಗತಿ ಅದರಲ್ಲಿ ಇರಲೇಬೇಕು. "ಮೊಮ್ಮಗಳು ಎಸ್ಸೆಸ್ಸೆಲ್ಸಿ." "ಹಾಸನದ ಕಡೆಯವರು, ಆಲೂಗಡ್ಡೆ ಬಿತ್ತನೆ ಚಿಂತೆ." "ಬಿಎಂಟಿಸಿ ಕಂಡಕ್ಟರ್, ದಾಸರ ಪದ ಹಾಡ್ತಾರೆ." ಪಟ್ಟಿ ಉದ್ದವಾದಂತೆ ಮನಸ್ಸು ಮರಗಟ್ಟುತ್ತೆ, ಹೆಸರೆಲ್ಲ ಅಂಕಿಯಾಗುತ್ತೆ. ಅದನ್ನು ತಡೆದದ್ದು ನನಗೆ ಈ ಕಾಲಂ. ಮಾರನೇ ದಿನ ಫೋನ್ ಮಾಡಿ "ಆಲೂಗಡ್ಡೆ ಬೀಜ ತಂದ್ರಾ ನಿಮ್ಮ ತಮ್ಮ?" ಅಂತ ಕೇಳಿದರೆ ಆ ಕಡೆಯಿಂದ ಬರುವ ದನಿಯೇ ಬೇರೆ. ಅದುವರೆಗೆ ರೋಗಿಯಾಗಿದ್ದವರು ಮತ್ತೆ ರೈತರಾಗ್ತಿದ್ದರು.

ಭರವಸೆಯ ವಿಷಯಕ್ಕೆ ಬರ್ತೀನಿ. "ಏನೂ ಆಗಲ್ಲ, ಎಲ್ಲಾ ಸರಿಹೋಗುತ್ತೆ" ಅನ್ನುವ ಮಾತನ್ನು ನಾನು ಬಳಸಲಿಲ್ಲ. ಮೇ 3ರ ಬೆಳಿಗ್ಗೆ ಚಾಮರಾಜನಗರದ ಸುದ್ದಿ ಬಂದಾಗ, ಆಮ್ಲಜನಕದ ಕೊರತೆಯ ನಡುವೆ 24 ಜನ ಹೋದರು ಅಂತ ಟೀವಿಯಲ್ಲಿ ಓಡುತ್ತಿದ್ದಾಗ, ಯಾರ ಹತ್ತಿರವಾದರೂ ಆ ಮಾತು ಹೇಳೋಕೆ ಬಾಯಿ ಬರುತ್ತಾ? ಆವತ್ತು ಫೋನ್ ಎತ್ತಿದವರೆಲ್ಲ ಕೇಳಿದ್ದು ಒಂದೇ: "ಮೇಡಂ, ನಮ್ಮೂರಲ್ಲಿ ಆಕ್ಸಿಜನ್ ಇದ್ಯಾ?" ನಾನು ಹೇಳುತ್ತಿದ್ದದ್ದು ಇಷ್ಟು: "ಈಗ ನಿಮ್ಮ ಸ್ಯಾಚುರೇಶನ್ 96 ಇದೆ. ಈಗ ನಿಮಗೆ ಸಿಲಿಂಡರ್ ಬೇಡ. ನಾಲ್ಕು ಗಂಟೆಗೆ ನಾನು ಮತ್ತೆ ಫೋನ್ ಮಾಡ್ತೀನಿ, ಆಗ ಇಬ್ಬರೂ ಸೇರಿ ನೋಡೋಣ." ನಾಲ್ಕು ಅಂದರೆ ನಾಲ್ಕೇ. ಐದು ನಿಮಿಷ ತಡವಾದರೂ ಅವರು ಕಾಯ್ತಾ ಇರ್ತಾರೆ ಅಂತ ಅಲಾರಂ ಇಟ್ಟುಕೊಂಡಿದ್ದೆ. ಹೇಳಿದ ಹೊತ್ತಿಗೆ ಹೇಳಿದ ಫೋನ್ ಬಂದರೆ, ಮುಂದಿನ ನಾಲ್ಕು ಗಂಟೆ ಕಳೆಯುವ ಧೈರ್ಯ ಬರುತ್ತೆ. ನಾಳೆ ಏನಾಗುತ್ತೆ ಅಂತ ಯಾರಿಗೂ ತಿಳಿಯದ ದಿನಗಳಲ್ಲಿ ಅಷ್ಟು ಮಾತ್ರ ಸುಳ್ಳಿಲ್ಲದೆ ಕೊಡಬಹುದಾಗಿತ್ತು.

ಪೀಣ್ಯದ ಕಡೆ ಒಂದು ವಠಾರ. ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸು, ಹದಿಮೂರು ವರ್ಷದ ಮಗ. ಒಂದೇ ಕೋಣೆ, ಅಡುಗೆ ಕಟ್ಟೆಯೂ ಅಲ್ಲೇ. ಆಕ್ಸಿಮೀಟರ್ ವಠಾರದಲ್ಲಿ ಒಂದೇ ಇತ್ತು. ಬಾಗಿಲಿಂದ ಬಾಗಿಲಿಗೆ ಸ್ಯಾನಿಟೈಸರ್ ಹಚ್ಚಿಸಿಕೊಂಡು ಅದು ಓಡಾಡುತ್ತಿತ್ತು. ಒಂದು ಮಧ್ಯಾಹ್ನ ಹುಡುಗ ಅಂಕಿ ಓದಿದ: "ಟೀಚರ್, 92... ಇಲ್ಲ, 91." (ನಾನು ಟೀಚರ್ ಅಂತ ಗೊತ್ತಾದ ಮೇಲೆ ಅವನಿಗೆ ನಾನು ಮೇಡಂ ಆಗಲೇ ಇಲ್ಲ.) ಡಾಕ್ಟರಮ್ಮನಿಗೆ ತಿಳಿಸಿದೆ. ಬೆಡ್‌ಗೆ ಹೆಸರು ಬರೆಸೋಣ, ಅಲ್ಲೀವರೆಗೆ ಬೋರಲು ಮಲಗಿಸಿ ಅಂದರು. ಕುತ್ತಿಗೆ ಕೆಳಗೆ ಒಂದು ದಿಂಬು, ಎದೆಯಿಂದ ತೊಡೆವರೆಗೆ ಒಂದೋ ಎರಡೋ, ಮೊಣಕಾಲಿಂದ ಕೆಳಗಿನ ಭಾಗಕ್ಕೆ ಎರಡು. ಆ ಮನೆಯಲ್ಲಿ ದಿಂಬು ಇದ್ದದ್ದು ಒಂದು.

"ಪುಟ್ಟ, ಅಮ್ಮ ಊಟ ಮಾಡಿ ಎಷ್ಟು ಹೊತ್ತಾಯ್ತು?" ಊಟ ಆದ ಒಂದು ಗಂಟೆ ಬೋರಲು ಮಲಗಬಾರದು. ಗಂಜಿ ಕುಡಿದದ್ದು ಬೆಳಿಗ್ಗೆ ಅಂದ. "ಸರಿ. ಅಮ್ಮನ ಹಳೇ ಸೀರೆ ತೆಗಿ. ಎರಡು ಸೀರೆ ಸೇರಿಸಿ ಬಿಗಿಯಾಗಿ ಸುತ್ತು." ಅವನು ಫೋನನ್ನು ನೆಲದ ಮೇಲಿಟ್ಟು ಸ್ಪೀಕರ್ ಹಾಕಿದ. ಟ್ರಂಕಿನ ಮುಚ್ಚಳ ತೆಗೆದ ಸದ್ದು. ಸೀರೆ ಸುತ್ತುವಾಗ ಅವನ ಏದುಸಿರು. ಎದೆ ಕೆಳಗೆ ಕಂಬಳಿ ಮಡಿಸಿಟ್ಟ, ಕಾಲ ಕೆಳಗೆ ಸೀರೆಯ ಸುರುಳಿ. "ಹೊಟ್ಟೆ ಒತ್ತಬಾರದು, ಕೈ ತೂರಿಸಿ ನೋಡು." "ಹೋಗುತ್ತೆ ಟೀಚರ್." "ಮುಖ ಒಂದು ಕಡೆಗೆ ತಿರುಗಿಸಿ ಮಲಗಲಿ." ಆಕೆ ಏನೋ ಗೊಣಗಿದರು. ಏನಂತೆ ಅಂದೆ. "ಸೀರೆ ಕೊಳೆ ಆಗುತ್ತೆ ಅಂತಾರೆ." ಮೂವರೂ ನಕ್ಕೆವು. ಅರ್ಧ ಗಂಟೆ ಫೋನ್ ಇಡಲಿಲ್ಲ. ಹುಡುಗನ ಕೈಲಿ ನಡುನಡುವೆ ಅಂಕಿ ಓದಿಸಿದೆ. 92. 93. ಮತ್ತೆ 92. 94. ಸಂಜೆ ಎಡಮಗ್ಗುಲು, ಬಲಮಗ್ಗುಲು, ಆಮೇಲೆ ಮತ್ತೆ ಬೋರಲು. ಬೆಡ್ ಮಾರನೇ ದಿನ ಸಿಕ್ಕಿತು. ಆ ರಾತ್ರಿಯನ್ನು ದಾಟಿಸಿದ್ದು ಮಾತ್ರ ಎಂಟನೇ ಕ್ಲಾಸಿನ ಹುಡುಗ.

ಆ ವಠಾರದ್ದೇ ಇನ್ನೊಂದು ಮಾತು. ಪಾಸಿಟಿವ್ ಅಂತ ತಿಳಿದಾಗ ಮನೆ ಓನರ್ ಅಮ್ಮ ರೂಮು ಖಾಲಿ ಮಾಡಿ ಅಂದಿದ್ದರಂತೆ. 2020ರಿಂದ ಈ ಥರದ್ದು ನಾವೆಲ್ಲ ನೋಡಿದ್ದೇವೆ. ಬಾಗಿಲಿಗೆ ತಗಡು ಬಡಿದದ್ದು, ನಲ್ಲಿ ನೀರಿಗೆ ಬರಬೇಡಿ ಅಂದದ್ದು. ನನಗೆ ಮೊದಲು ಸಿಟ್ಟೇ ಬಂತು. ಆದರೂ ನಂಬರ್ ಇಸ್ಕೊಂಡು ಓನರ್ ಅಮ್ಮನಿಗೆ ಫೋನ್ ಮಾಡಿ, ವಾದಕ್ಕಿಳಿಯದೆ, "ನಿಮ್ಮನೇಲಿ ಯಾರ್ಯಾರಿದ್ದೀರಮ್ಮ?" ಅಂತ ಶುರು ಮಾಡಿದೆ. ಅವರ ಯಜಮಾನರಿಗೆ ಆಸ್ತಮಾ. ಪಕ್ಕದ ಬೀದಿಯಲ್ಲಿ ಅವರ ಅಣ್ಣ ಅದೇ ವಾರ ತೀರಿಹೋಗಿದ್ದರು. ಮುಖ ನೋಡೋಕೂ ಬಿಟ್ಟಿರಲಿಲ್ಲ. ಹೆದರಿ ಕಲ್ಲಾದ ಜೀವ ಅದು. ಗಾಳಿಯಲ್ಲಿ ಹೇಗೆ ಹರಡುತ್ತೆ, ಕಿಟಕಿ ಯಾಕೆ ತೆಗೀಬೇಕು, ಇಬ್ಬರೂ ಮಾಸ್ಕ್ ಹಾಕಿಕೊಂಡು ದೂರ ನಿಂತರೆ ಎಷ್ಟು ಉಪಯೋಗ ಅಂತ ನಿಧಾನಕ್ಕೆ ಹೇಳಿದೆ. ಆಮೇಲೆ ಒಂದು ಕೆಲಸ ಕೊಟ್ಟೆ: "ಮಧ್ಯಾಹ್ನ ಒಂದು ಡಬ್ಬಿ ಅನ್ನ, ತಿಳಿಸಾರು ಅವರ ಬಾಗಿಲ ಮುಂದೆ ಇಟ್ಟು, ನೀವು ಒಳಗೆ ಹೋದ ಮೇಲೆ ಫೋನ್ ಮಾಡಿ ಹೇಳ್ತೀರಾ?" ಇಟ್ಟರು. ಎರಡು ದಿನ ಬಿಟ್ಟು ಅವರೇ ನನಗೆ ಫೋನ್ ಮಾಡಿ, "ಹುಡುಗ ಒಬ್ಬನೇ ಇದ್ದಾನೆ, ರಾತ್ರಿಗೂ ಕೊಡ್ತಿದ್ದೀನಿ," ಅಂದರು. ಹೆದರಿದವರಿಗೆ ಬುದ್ಧಿವಾದಕ್ಕಿಂತ ಕೈಗೊಂದು ಕೆಲಸ ಕೊಡೋದು ಮೇಲು ಅನ್ನೋದನ್ನು ನಾನು ಆಮೇಲೆ ಎಷ್ಟೋ ಮನೆಗಳಲ್ಲಿ ಪ್ರಯೋಗ ಮಾಡಿದೆ. ಬಹಳ ಕಡೆ ಫಲ ಕೊಟ್ಟಿತು.

ನಮ್ಮಜ್ಜಿ ಹೇಳುತ್ತಿದ್ದರು, ಪ್ಲೇಗ್ ಕಾಲದಲ್ಲಿ ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿತ್ತು ಅಂತ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ತಡೆಗಟ್ಟುವ ಕೆಲಸಕ್ಕೆ ಅಂತ ಇಲ್ಲಿ ಟೆಲಿಫೋನ್ ತಂತಿ ಎಳೆದಿದ್ದರಂತೆ. ಅದನ್ನು ಓದಿದಾಗ ನನಗೆ ಯಾಕೋ ಬಹಳ ಹತ್ತಿರದ ವಿಷಯ ಅನಿಸಿತು. ಆಗಲೂ ಯಾರೋ ಆ ಕಡೆ ಕೂತು ಇನ್ನೊಬ್ಬರ ಸಂಕಟ ಕೇಳಿಸಿಕೊಂಡಿರಬೇಕು, ಅಲ್ವಾ?

ನನ್ನ ಮನಸ್ಸನ್ನು ಕಾಪಾಡಿಕೊಂಡದ್ದು ಹೇಗೆ ಅಂತ ಕೆಲವರು ಕೇಳ್ತಾರೆ. ರಾತ್ರಿ ಎಂಟರ ಮೇಲೆ ಪಟ್ಟಿ ಮುಟ್ಟುತ್ತಿರಲಿಲ್ಲ. ಟೀವಿ ಸುದ್ದಿ ನಿಲ್ಲಿಸಿದ್ದೆ. ಪ್ರತಿ ಇಬ್ಬರು ಸ್ವಯಂಸೇವಕರು ಒಂದು ಜೋಡಿ. ಯಾರ ಪಟ್ಟಿಯಲ್ಲಿ ಸಾವಾದರೂ ಇನ್ನೊಬ್ಬರಿಗೆ ಫೋನ್ ಮಾಡಿ ಆ ವ್ಯಕ್ತಿಯ ಬಗ್ಗೆ ಹೇಳಲೇಬೇಕು ಅನ್ನೋದು ನಮ್ಮ ನಿಯಮ. ನಿದ್ದೆ ಬಾರದೆ ಹೋದಾಗ ನಿಮ್ಹಾನ್ಸ್‌ನ ಸಹಾಯವಾಣಿಗೆ ನಾನೂ ಫೋನ್ ಮಾಡಿದ್ದೇನೆ. ಇನ್ನೊಬ್ಬರ ನೋವು ಕೇಳುವವರಿಗೂ ಕೇಳುವ ಕಿವಿ ಬೇಕು.

ದಾಸರ ಪದ ಹಾಡುತ್ತಿದ್ದ ಕಂಡಕ್ಟರ್ ಉಳಿಯಲಿಲ್ಲ. ಆಸ್ಪತ್ರೆ ಸೇರಿದ ಮೇಲೂ ಅವರ ಮಗಳಿಗೆ ಫೋನ್ ಮಾಡುತ್ತಿದ್ದೆ. ಒಂದು ದಿನ ಅವಳು, "ಅಪ್ಪ ಕೊನೇಲಿ ಒಬ್ಬರೇ ಇದ್ರಾ ಅಕ್ಕ?" ಅಂದಳು. ನನಗೆ ಗೊತ್ತಿಲ್ಲಮ್ಮ ಅಂದೆ. ಬೇರೆ ಏನು ಹೇಳಿದ್ದರೂ ಅದು ನನ್ನ ಸಮಾಧಾನಕ್ಕೆ ಹೇಳಿದಂತಾಗುತ್ತಿತ್ತು. ಅಪ್ಪ ಯಾವ ಪದ ಜಾಸ್ತಿ ಹಾಡ್ತಿದ್ದರು ಅಂತ ಕೇಳಿದೆ. ಅವಳು ಬಹಳ ಹೊತ್ತು ಮಾತಾಡಿದಳು. ಡಿಪೋದಲ್ಲಿ ಅವರ ಹಾಡು ಕೇಳೋಕೆ ಡ್ರೈವರ್‌ಗಳು ಊಟದ ಡಬ್ಬಿ ಹಿಡಿದು ಸುತ್ತ ಕೂರ್ತಿದ್ದರಂತೆ. ಗಿಡ್ಡೇನಹಳ್ಳಿಯ ಬಯಲಿನಲ್ಲಿ ಸುಟ್ಟರು. ತಾವರೆಕೆರೆ ಹತ್ತಿರದ ಆ ಜಾಗವನ್ನು ಆಗಷ್ಟೇ ಚಿತೆಗಳಿಗೆ ಅಂತ ಸಿದ್ಧ ಮಾಡಿದ್ದರು.

ಸಾವಾದ ಮನೆಯ ಹೆಸರು ಪಟ್ಟಿಯಿಂದ ತೆಗೀತಿದ್ದರು. ನಾನು ನೋಟ್‌ಬುಕ್ಕಿನಿಂದ ತೆಗೆಯಲಿಲ್ಲ. ಜೂನ್‌ನಲ್ಲಿ ಕೇಸು ಇಳಿಯಿತು, ಪಟ್ಟಿ ಚಿಕ್ಕದಾಯಿತು, ಕೆಲಸದ ರೂಪವೂ ಬದಲಾಯಿತು. ತಂದೆ ತಾಯಿ ಇಬ್ಬರನ್ನೂ ಕಳಕೊಂಡ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿ ಕೊಡುವ ಬಾಲ ಸೇವಾ ಯೋಜನೆಯನ್ನು ಸರ್ಕಾರ ಮೇ ಕೊನೆಯಲ್ಲಿ ಘೋಷಿಸಿತ್ತು. ದುಡಿಯುವವರು ಹೋದ ಬಿಪಿಎಲ್ ಮನೆಗಳಿಗೆ 1 ಲಕ್ಷ ಅಂತ ಜೂನ್‌ನಲ್ಲಿ ಹೇಳಿತು. ಕೆಲ ತಿಂಗಳು ಬಿಟ್ಟು ಸುಪ್ರೀಂ ಕೋರ್ಟಿನ ಆದೇಶದಿಂದ ಎಲ್ಲ ಕೊರೊನಾ ಸಾವುಗಳಿಗೂ 50,000 ರೂಪಾಯಿ ಬಂತು. ಅರ್ಜಿ ತುಂಬೋದು, ಮರಣ ಪತ್ರ ತೆಗೆಸೋದು, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್. ಅಳುತ್ತಾ ಕೂತ ಮನೆಗಳಲ್ಲಿ ಈ ಕೆಲಸಕ್ಕೆ ಯಾರಿಗೂ ಕೈ ಓಡೋದಿಲ್ಲ. ಹಾಗಾಗಿ ಅದನ್ನೂ ಫೋನಿನಲ್ಲೇ ಮಾಡಿಸಿದೆವು.

ಕಂಡಕ್ಟರ್ ಮಗಳು ಅರ್ಜಿಗೆ ಕೂತಾಗ ಅಪ್ಪನ ಪಾಸಿಟಿವ್ ರಿಪೋರ್ಟ್ ಸಿಗಲಿಲ್ಲ. ಮೆಸೇಜ್ ಬಂದಿದ್ದದ್ದು ಅವರ ಮೊಬೈಲಿಗೆ, ಮೊಬೈಲ್ ಆಸ್ಪತ್ರೆಯಲ್ಲೇ ಕಳೆದುಹೋಗಿತ್ತು. ಬಿಯು ನಂಬರ್ ನನ್ನ ನೋಟ್‌ಬುಕ್ಕಿನಲ್ಲಿ ಅವರ ಹೆಸರಿನ ಮುಂದೆ ಇತ್ತು. ಒಂದೊಂದೇ ಅಂಕಿ ಓದಿ ಹೇಳಿದೆ, ಅವಳು ಬರೆದುಕೊಂಡಳು. ಅದನ್ನು ಹಿಡಿದು ಆರೋಗ್ಯ ಕೇಂದ್ರಕ್ಕೆ ಹೋಗಿ ರಿಪೋರ್ಟಿನ ಪ್ರತಿ ತೆಗೆಸಿಕೊಂಡಳು. ಅರ್ಜಿ ಹೋಯಿತು.